ಸ್ಕ್ಯಾನ್ ಆಯಿತು, ಮಿದುಳಿಗೆ ರಕ್ತ ಹೋಗುತ್ತಿದೆಯೇ?

ಮಾನ್ಯ ಸಂಪಾದಕರೇ,

ಮಳೆ ಹಿಡಿದ ಮೇಲೆ ಕಂಗಿನ ತೋಟಗಳಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವ ಕೆಲಸ ಶುರುವಾಗುತ್ತದೆ. ಪಾಚಿ ಹಿಡಿದ ಮರದಿಂದ ಜಾರಿ ಬಿದ್ದವರ ಸುದ್ದಿ, ಹೆದ್ದಾರಿಯಲ್ಲಿ ಬೈಕ್ ಮಗುಚಿ ತಲೆಗೆ ಪೆಟ್ಟಾದವರ ಸುದ್ದಿ ಒಳಪುಟಗಳಲ್ಲಿ ಆಗಾಗ ಬರುತ್ತದೆ. ಕೊನೆಯ ಸಾಲು ಹೆಚ್ಚುಕಡಿಮೆ ಒಂದೇ: ‘ಗಾಯಾಳುವನ್ನು ಮಂಗಳೂರಿನ ಆಸ್ಪತ್ರೆಗೆ ದಾಖಲಿಸಲಾಗಿದ್ದು, ಸ್ಥಿತಿ ಗಂಭೀರವಾಗಿದೆ.’ ಆ ಒಂದು ಸಾಲಿನ ಹಿಂದೆ ಏನೆಲ್ಲ ನಡೆಯಬೇಕು, ಎಲ್ಲಿ ತಪ್ಪುತ್ತದೆ ಎಂಬುದು ಗಡಿನಾಡಿನ ಓದುಗರಿಗೆ ತಿಳಿದಿರಲಿ ಎಂದು, ಅರಿವಳಿಕೆ ಮತ್ತು ತೀವ್ರ ನಿಗಾ ವಿಭಾಗಗಳಲ್ಲಿ ಕೆಲಸ ಮಾಡುವ ನಾವು ಕೆಲವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ಪತ್ರ ಉದ್ದವಾಗಿದೆ. ಕತ್ತರಿಸಲೇಬೇಕಾದರೆ ಅಂಕಿಗಳನ್ನು ಮಾತ್ರ ಉಳಿಸಿಕೊಳ್ಳಿ ಎಂದು ವಿನಂತಿ.

ತಲೆ ನೆಲಕ್ಕೆ ಬಡಿದ ಕ್ಷಣದಲ್ಲಿ ಮಿದುಳಿಗೆ ಆದ ಗಾಯವನ್ನು ಯಾರಿಂದಲೂ ಹಿಂದಕ್ಕೆ ತರಲಾಗುವುದಿಲ್ಲ. ವೈದ್ಯರಿಗೆ ಕೈಹಾಕಲು ಜಾಗ ಇರುವುದು ಎರಡನೇ ಗಾಯದಲ್ಲಿ. ಅದು ಮುಂದಿನ ಗಂಟೆಗಳಲ್ಲಿ, ದಿನಗಳಲ್ಲಿ ಆಗುತ್ತದೆ. ಅದರ ದೊಡ್ಡ ಕಾರಣ ಮಿದುಳಿಗೆ ರಕ್ತ ಸಾಲದೆ ಹೋಗುವುದು. ದೊಡ್ಡವರ ಮಿದುಳು ಸುಮಾರು 1.4 ಕಿಲೊ, ಮೈತೂಕದಲ್ಲಿ ನೂರಕ್ಕೆ ಎರಡು ಪಾಲು. ಆದರೆ ಹೃದಯ ಹೊರಡಿಸುವ ರಕ್ತದಲ್ಲಿ ನೂರಕ್ಕೆ ಸುಮಾರು 15 ಪಾಲು, ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು 20 ಪಾಲು ಅದಕ್ಕೇ ಬೇಕು. ಪ್ರತಿ 100 ಗ್ರಾಂ ಮಿದುಳಿಗೆ ನಿಮಿಷಕ್ಕೆ ಸುಮಾರು 50 ಮಿ.ಲೀ. ರಕ್ತ ಹರಿಯುತ್ತಿರಬೇಕು. ಅದು 20ರ ಹತ್ತಿರಕ್ಕೆ ಇಳಿದರೆ ನರಕೋಶಗಳ ವಿದ್ಯುತ್ ಚಟುವಟಿಕೆ ನಿಲ್ಲುತ್ತದೆ. 10ಕ್ಕೆ ಇಳಿದರೆ ನಿಮಿಷಗಳ ಲೆಕ್ಕದಲ್ಲಿ ಕೋಶಗಳು ಸಾಯತೊಡಗುತ್ತವೆ. ಸ್ನಾಯುವಿನ ಹಾಗೆ ಸ್ವಲ್ಪ ಹೊತ್ತು ತಡೆದುಕೊಳ್ಳುವಷ್ಟು ದಾಸ್ತಾನು ಮಿದುಳಿನಲ್ಲಿ ಇಲ್ಲ.

ಇನ್ನು ತಲೆಬುರುಡೆ. ಅದು ಹಿಗ್ಗದ ಪೆಟ್ಟಿಗೆ. ಒಳಗಿರುವುದು ಮೂರು: ಮಿದುಳು, ರಕ್ತ, ಮಿದುಳಿನ ಸುತ್ತಲಿನ ದ್ರವ. ಪೆಟ್ಟು ಬಿದ್ದ ಮೇಲೆ ಮಿದುಳು ಬಾತುಕೊಂಡರೆ ಅಥವಾ ಒಳಗೆ ರಕ್ತ ಹೆಪ್ಪುಗಟ್ಟಿದರೆ ಮೊದಲು ದ್ರವ ಬೆನ್ನಿನ ಕಡೆ ಸರಿದು ಜಾಗ ಬಿಟ್ಟುಕೊಡುತ್ತದೆ, ಆಮೇಲೆ ಅಭಿಧಮನಿಗಳ ರಕ್ತ ಹೊರಗೆ ಹೋಗುತ್ತದೆ. ಅಷ್ಟರವರೆಗೆ ರೋಗಿ ಮಾತಾಡುತ್ತಲೇ ಇರಬಹುದು. ಬಿಟ್ಟುಕೊಡಲು ಇನ್ನೇನೂ ಉಳಿಯದಾದಾಗ ಒತ್ತಡ ಒಮ್ಮೆಲೇ ಏರುತ್ತದೆ. ‘ಬಿದ್ದ ಮೇಲೆ ಚಾ ಕುಡಿದ, ಸರಿಯಾಗೇ ಮಾತಾಡಿದ, ಎರಡು ಗಂಟೆ ಕಳೆದು ಎಚ್ಚರ ತಪ್ಪಿತು’ ಎಂದು ಮನೆಯವರು ಹೇಳುವುದರ ಹಿಂದಿನ ಕಾರಣ ಇದು. ಬಿದ್ದ ಅರ್ಧ ಗಂಟೆಯಲ್ಲಿ ತೆಗೆಸಿದ ಸಿಟಿ ಸ್ಕ್ಯಾನ್‌ನಲ್ಲಿ ಏನೂ ಕಾಣದೆ, ಅದೇ ರಾತ್ರಿ ಎರಡನೇ ಸ್ಕ್ಯಾನ್‌ನಲ್ಲಿ ದೊಡ್ಡ ಹೆಪ್ಪು ಕಾಣಿಸುವುದೂ ಉಂಟು, ರಕ್ತ ಆಮೇಲೆ ಸೋರುತ್ತಾ ಕೂಡಿಕೊಂಡಿರುತ್ತದೆ. ಸ್ಕ್ಯಾನ್ ಒಂದು ಕ್ಷಣದ ಚಿತ್ರ. ರಕ್ತ ಹರಿಯುತ್ತಿದೆಯೇ ಎಂದು ಅದು ಹೇಳುವುದಿಲ್ಲ.

ಹರಿವನ್ನು ಅಂದಾಜು ಮಾಡುವ ಲೆಕ್ಕ ಸುಲಭ. ರಕ್ತವನ್ನು ಒಳಕ್ಕೆ ತಳ್ಳುವ ಒತ್ತಡದಿಂದ ಬುರುಡೆಯೊಳಗಿನ ಒತ್ತಡವನ್ನು ಕಳೆಯಬೇಕು. ಉಳಿದದ್ದು ಮಿದುಳಿಗೆ ನಿಜವಾಗಿ ಸಿಗುವ ಒತ್ತಡ. ತಳ್ಳುವ ಒತ್ತಡ ಎಂದರೆ ಬಿಪಿಯ ಸರಾಸರಿ: ಕೆಳಗಿನ ಅಂಕಿಯನ್ನು ಎರಡು ಸಲ, ಮೇಲಿನದನ್ನು ಒಂದು ಸಲ ಕೂಡಿಸಿ ಮೂರರಿಂದ ಭಾಗಿಸಿದರೆ ಬರುತ್ತದೆ. 120/80 ಇದ್ದರೆ ಸರಾಸರಿ 93. ಮಲಗಿದ ಆರೋಗ್ಯವಂತರ ಬುರುಡೆಯೊಳಗೆ 7ರಿಂದ 15 ಮಿ.ಮೀ. ಪಾದರಸದಷ್ಟು ಒತ್ತಡ ಇರುತ್ತದೆ. 10 ಎಂದುಕೊಂಡರೆ ಮಿದುಳಿಗೆ 83 ಸಿಕ್ಕಿತು, ಧಾರಾಳ. ಅದೇ ಬುರುಡೆಯೊಳಗೆ 30 ಆಗಿ, ಬಿಪಿ 90/60ಕ್ಕೆ ಇಳಿದರೆ? ಸರಾಸರಿ 70, ಕಳೆದರೆ 40. ಅಮೆರಿಕದ ಬ್ರೇನ್ ಟ್ರಾಮಾ ಫೌಂಡೇಶನ್ 2016ರಲ್ಲಿ ಹೊರತಂದ ನಾಲ್ಕನೇ ಆವೃತ್ತಿಯ ಮಾರ್ಗಸೂಚಿ ದೊಡ್ಡವರಲ್ಲಿ ಈ ಅಂಕಿ 60ರಿಂದ 70ರ ನಡುವೆ ಇರಲಿ, ಬುರುಡೆಯೊಳಗಿನ ಒತ್ತಡ 22 ದಾಟಿದರೆ ಚಿಕಿತ್ಸೆ ಮಾಡಿ ಎನ್ನುತ್ತದೆ. ಮಕ್ಕಳ ಅಂಕಿಗಳು ಬೇರೆ, ವಯಸ್ಸಿಗೆ ತಕ್ಕಂತೆ ಕಡಿಮೆ.

ಈ ಲೆಕ್ಕ ಗೊತ್ತಿಲ್ಲದೆ ಆಗುವ ಒಂದು ತಪ್ಪನ್ನು ಒತ್ತಿ ಹೇಳಬೇಕು. ತಲೆಗೆ ಪೆಟ್ಟಾದವರು ಬಂದಾಗ ಬಿಪಿ 160/90 ಇದೆ. ‘ಬಿಪಿ ಜಾಸ್ತಿಯಾಗಿದೆ, ಮೊದಲು ಇಳಿಸಿ’ ಎಂದು ಮನೆಯವರ ಒತ್ತಾಯ, ಕೆಲವೊಮ್ಮೆ ಸಣ್ಣ ಕ್ಲಿನಿಕ್‌ಗಳಲ್ಲಿ ನಾಲಗೆಯಡಿಗೆ ಒಂದು ಮಾತ್ರೆ. 160/90ರ ಸರಾಸರಿ 113. ಬುರುಡೆಯೊಳಗೆ 45 ಇದ್ದರೂ ಮಿದುಳಿಗೆ 68 ಸಿಗುತ್ತಿತ್ತು. ದೇಹ ತನ್ನ ಮಿದುಳನ್ನು ಉಳಿಸಿಕೊಳ್ಳಲೆಂದೇ ಆ ಬಿಪಿಯನ್ನು ಏರಿಸಿತ್ತು. ಮಾತ್ರೆ ಹಾಕಿ 110/70 ಮಾಡಿದರೆ ಸರಾಸರಿ 83, ಮಿದುಳಿಗೆ 38. ಯಂತ್ರದಲ್ಲಿ ಅಂಕಿ ಚೆನ್ನಾಗಿ ಕಾಣುತ್ತದೆ, ಒಳಗೆ ಮಿದುಳು ಬಾಡುತ್ತದೆ. ಬಿಪಿ ಏರುತ್ತಾ ನಾಡಿ ನಿಧಾನವಾಗುತ್ತಾ ಉಸಿರಾಟದ ತಾಳ ತಪ್ಪುತ್ತಿದ್ದರೆ ಅದು ಒಳಗಿನ ಒತ್ತಡ ಮಿತಿಮೀರಿದ ಸೂಚನೆ. ಆಗ ಇಳಿಸಬೇಕಾದದ್ದು ಬುರುಡೆಯ ಒತ್ತಡವನ್ನು.

ಬಿಪಿ ಇಳಿಯುವುದು ಇನ್ನೂ ಕೆಟ್ಟದ್ದು. ಮೇಲಿನ ಅಂಕಿ ಒಂದೇ ಒಂದು ಸಲ 90ಕ್ಕಿಂತ ಕೆಳಗೆ ಹೋದರೂ ಸಾವಿನ ಸಾಧ್ಯತೆ ಸುಮಾರು ಇಮ್ಮಡಿಯಾಗುತ್ತದೆ ಎಂಬುದು 1990ರ ದಶಕದಿಂದಲೇ ತಿಳಿದ ವಿಷಯ. ಈಗಿನ ಮಾರ್ಗಸೂಚಿ ಇನ್ನೂ ಬಿಗಿ: 15ರಿಂದ 49 ವಯಸ್ಸಿನವರಲ್ಲಿ ಮತ್ತು 70 ದಾಟಿದವರಲ್ಲಿ 110, ನಡುವಿನ ವಯಸ್ಸಿನವರಲ್ಲಿ 100 ಆದರೂ ಇರಬೇಕು. ದೊಡ್ಡವರಲ್ಲಿ ಬಿಪಿ ಬಿದ್ದಿದ್ದರೆ ತಲೆಯ ಗಾಯವೇ ಕಾರಣ ಎಂದು ಕೂರಬಾರದು. ಹೊಟ್ಟೆ, ಎದೆಗೂಡು, ಸೊಂಟದ ಮೂಳೆ, ತೊಡೆ, ಇಲ್ಲೆಲ್ಲೋ ರಕ್ತ ಸೋರುತ್ತಿದೆ. ನೆತ್ತಿಯ ಚರ್ಮ ಹರಿದಿದ್ದರೆ ಅಲ್ಲಿಂದಲೇ ಬೇಕಾದಷ್ಟು ಹೋಗುತ್ತದೆ. ಒತ್ತಿ ಹಿಡಿದು ಬ್ಯಾಂಡೇಜ್ ಕಟ್ಟಲೇಬೇಕು. ಡ್ರಿಪ್‌ಗೆ ನಾರ್ಮಲ್ ಸಲೈನ್ ಹಾಕಬೇಕು. ‘ಸುಸ್ತಾಗಿದೆ, ಗ್ಲೂಕೋಸ್ ಹಾಕಿ’ ಎಂಬ ಮಾತು ನಮ್ಮೂರಲ್ಲಿ ಬಹಳ. ಸಕ್ಕರೆ ಅಂಶ ತೀರಾ ಇಳಿದಿಲ್ಲದಿದ್ದರೆ 5 ಶೇಕಡ ಡೆಕ್ಸ್‌ಟ್ರೋಸ್ ತಲೆಗಾಯಕ್ಕೆ ಕೂಡದು. ಅದರ ಸಕ್ಕರೆ ಕರಗಿಹೋದ ಮೇಲೆ ಉಳಿಯುವುದು ಬರೀ ನೀರು, ಅದು ಮಿದುಳಿನ ಬಾವನ್ನು ಹೆಚ್ಚಿಸುತ್ತದೆ.

ಈಗ ರಸ್ತೆಯ ವಿಷಯ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿ.ಮೀ. ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಒಳಗಿನ ತೋಟಗಳಿಂದಾದರೆ ಹೆದ್ದಾರಿ ಸೇರುವುದಕ್ಕೇ ಹೊತ್ತು ಬೇಕು. 2020ರ ಮಾರ್ಚ್ ಕೊನೆಯಲ್ಲಿ ಕೊರೊನಾ ಲಾಕ್‌ಡೌನ್ ಎಂದು ಕರ್ನಾಟಕ ಗಡಿ ರಸ್ತೆಗಳಿಗೆ ಮಣ್ಣು ಸುರಿದಾಗ ಈ ಊರಿನ ರೋಗಿಗಳು ತಲಪಾಡಿಯಾಚೆಗಿನ ಆಸ್ಪತ್ರೆಗಳನ್ನು ಎಷ್ಟು ನಂಬಿದ್ದಾರೆ ಎಂಬುದು ಎಲ್ಲರಿಗೂ ಕಂಡಿತು. ಪ್ರಯಾಣದ ಆ ಒಂದೆರಡು ಗಂಟೆಯಲ್ಲಿ ಮಿದುಳಿನ ರಕ್ತ ಸಂಚಾರವನ್ನು ಕಾಯುವವರು ಆಂಬುಲೆನ್ಸ್‌ನಲ್ಲಿ ಹಿಂದೆ ಕೂತ ಒಬ್ಬರೇ.

ಅವರ ಕೈಯಲ್ಲಿ ಆಗುವ ದೊಡ್ಡ ಅಚಾತುರ್ಯ ಯಾವುದು ಗೊತ್ತೇ? ಅವಸರದಲ್ಲಿ ಅಂಬು ಬ್ಯಾಗ್, ಅಂದರೆ ಉಸಿರು ಕೊಡಲು ಕೈಯಿಂದ ಒತ್ತುವ ಚೀಲ, ಒತ್ತುವುದು. ಗಾಬರಿಯಾದಾಗ ಯಾರ ಕೈಯಾದರೂ ನಿಮಿಷಕ್ಕೆ 25-30 ಸಲ ಒತ್ತುತ್ತದೆ. ಹೆಚ್ಚು ಗಾಳಿ ಹೋದರೆ ಒಳ್ಳೆಯದೇ ಅಲ್ಲವೇ ಎಂದು ತೋರುತ್ತದೆ. ಆದರೆ ಹಾಗೆ ಒತ್ತಿದಾಗ ರಕ್ತದ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗಿಬಿಡುತ್ತದೆ, ಅದು ಇಳಿದರೆ ಮಿದುಳಿನ ರಕ್ತನಾಳಗಳು ಮುದುಡಿಕೊಳ್ಳುತ್ತವೆ. ಪ್ರತಿ 1 ಮಿ.ಮೀ. ಇಳಿಕೆಗೆ ರಕ್ತದ ಹರಿವು ಶೇಕಡ 3ರಿಂದ 4ರಷ್ಟು ಕಡಿಮೆ. 38 ಇದ್ದದ್ದು 28ಕ್ಕೆ ಬಂದರೆ ಮೂರರಲ್ಲಿ ಒಂದು ಪಾಲು ಹರಿವು ಹೋಯಿತು. ಮೊದಲ ದಿನ ಮಿದುಳಿಗೆ ರಕ್ತ ಹೇಗೂ ಕಡಿಮೆ ಇರುತ್ತದೆ, ಅದರ ಮೇಲೆ ಇದು. ಆದ್ದರಿಂದ ದೊಡ್ಡವರಿಗೆ 5-6 ಸೆಕೆಂಡಿಗೆ ಒಂದು ಸಲ, ಎದೆ ಸ್ವಲ್ಪ ಏಳುವಷ್ಟು, ಒಂದೂವರೆ ಲೀಟರಿನ ಬ್ಯಾಗ್‌ನ ಮೂರನೇ ಒಂದು ಭಾಗ ಮಾತ್ರ. ಗಡಿಯಾರ ನೋಡಿಕೊಂಡು ಒತ್ತಬೇಕು, ಅಥವಾ ಬಾಯಲ್ಲೇ ಒಂದರಿಂದ ಐದು ಎಣಿಸಿ ಒತ್ತಬೇಕು. ಶ್ವಾಸನಾಳದ ಕೊಳವೆಗೆ ಸಿಕ್ಕಿಸುವ, ಉಸಿರಿನ ಕಾರ್ಬನ್ ಡೈಆಕ್ಸೈಡ್ ಅಳೆಯುವ ಕ್ಯಾಪ್ನೋಗ್ರಾಫ್ ಇದ್ದರೆ ಉಸಿರಿನ ಕೊನೆಯಲ್ಲಿ 35ರಿಂದ 40 ತೋರಿಸುತ್ತಿರಬೇಕು. ಬಿಪಿ ಬಿದ್ದಿದ್ದರೆ ಆ ಅಂಕಿ ರಕ್ತದಲ್ಲಿರುವುದಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ ಎಂಬುದು ನೆನಪಿರಲಿ. ಒಂದು ಕಡೆಯ ಕಣ್ಣಪಾಪೆ ಹಿಗ್ಗಿ ಕಣ್ಣೆದುರೇ ಸ್ಥಿತಿ ಕುಸಿಯುತ್ತಿದ್ದರೆ ಮಾತ್ರ, ಶಸ್ತ್ರಚಿಕಿತ್ಸೆಯ ಮೇಜು ತಲುಪುವವರೆಗಿನ ಸ್ವಲ್ಪ ಹೊತ್ತಿಗೆ, ವೇಗವಾಗಿ ಒತ್ತುವುದಕ್ಕೆ ಅರ್ಥವಿದೆ.

ಹೊರಡುವ ಮೊದಲು ಸಿಲಿಂಡರ್ ನೋಡಬೇಕು. ತುಂಬಿದ ಬಿ ಟೈಪ್ ಸಿಲಿಂಡರ್‌ನಲ್ಲಿ ಸುಮಾರು 1500 ಲೀಟರ್ ಆಕ್ಸಿಜನ್. ನಿಮಿಷಕ್ಕೆ 10 ಲೀಟರ್ ಬಿಟ್ಟರೆ ಎರಡೂವರೆ ಗಂಟೆ. ಅರ್ಧ ಖಾಲಿಯಾದದ್ದಾದರೆ ರಸ್ತೆ ಕಾಮಗಾರಿಯ ತಡೆಯಲ್ಲಿ ಸಿಕ್ಕಿಕೊಂಡಾಗ ಸಾಲದು. ಬೆನ್ನೆಲುಬನ್ನು ನೇರವಾಗಿಟ್ಟೇ ಸ್ಟ್ರೆಚರಿನ ತಲೆಯ ಕಡೆಯನ್ನು ಎತ್ತರಿಸಬೇಕು. ಕತ್ತು ಯಾವ ಪಕ್ಕಕ್ಕೂ ಹೊರಳಿರಬಾರದು, ಕಾಲರ್ ಮತ್ತು ಕೊಳವೆ ಕಟ್ಟುವ ದಾರ ಕತ್ತಿಗೆ ಬಿಗಿಯಾಗಬಾರದು. ಕತ್ತಿನ ಅಭಿಧಮನಿ ಅಮುಕಿದರೆ ಮಿದುಳಿನಿಂದ ರಕ್ತ ಇಳಿಯುವ ದಾರಿ ಮುಚ್ಚುತ್ತದೆ, ಒಳಗಿನ ಒತ್ತಡ ನೇರ ಏರುತ್ತದೆ. ಕತ್ತಿನ ದಾರವನ್ನು ಎರಡು ಬೆರಳು ಹೋಗುವಷ್ಟು ಸಡಿಲಿಸಿದ ಮಾತ್ರಕ್ಕೆ ಮಾನಿಟರ್‌ನ ಅಂಕಿ ಇಳಿಯುವುದನ್ನು ಐಸಿಯುನಲ್ಲಿ ಯಾರು ಬೇಕಾದರೂ ನೋಡಬಹುದು.

ಪ್ರಜ್ಞೆ ಅಳೆಯುವುದಕ್ಕೆ ಎಲ್ಲ ಕಡೆ ಗ್ಲಾಸ್ಗೋ ಅಳತೆ ಇದೆ. 1974ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಟೀಸ್‌ಡೇಲ್ ಮತ್ತು ಜೆನೆಟ್ ರೂಪಿಸಿದ್ದು. ಕಣ್ಣಿಗೆ 4, ಮಾತಿಗೆ 5, ಕೈಕಾಲಿನ ಪ್ರತಿಕ್ರಿಯೆಗೆ 6, ಒಟ್ಟು 15. 8 ಅಥವಾ ಅದಕ್ಕಿಂತ ಕೆಳಗಿದ್ದರೆ ತೀವ್ರ ಗಾಯ, ಶ್ವಾಸನಾಳಕ್ಕೆ ಕೊಳವೆ ಹಾಕುವ ಸ್ಥಿತಿ. ಮಿದುಳಿಗೆ ರಕ್ತ ಕಡಿಮೆಯಾಗುತ್ತಿದೆ ಎಂಬುದನ್ನು ಯಂತ್ರವಿಲ್ಲದೆ ಮೊದಲು ಹೇಳುವುದು ಈ ಅಂಕಿಯ ಇಳಿಕೆಯೇ. ಆದರೆ ನಮ್ಮ ಜಿಲ್ಲೆಯಲ್ಲಿ ಇದಕ್ಕೊಂದು ತೊಡಕಿದೆ: ಭಾಷೆ. ಎಣ್ಮಕಜೆಯ ಕಡೆಯ, ಮನೆಯಲ್ಲಿ ತುಳು ಮಾತ್ರ ಆಡುವ ಅಜ್ಜಿಯನ್ನು ‘ಪೇರೆಂದಾ?’ ಎಂದು ಮಲಯಾಳದಲ್ಲಿ ಕೇಳಿದರೆ ಅವರು ಸಂಬಂಧವಿಲ್ಲದ ಏನೋ ಹೇಳಬಹುದು. ಚೀಟಿಯಲ್ಲಿ ಮಾತಿಗೆ 3 ಎಂದು ಬೀಳುತ್ತದೆ. ನಿಜಕ್ಕೂ ಆಗ ಅವರದು 5. ಎರಡು ಗಂಟೆ ಕಳೆದು ಮಂಗಳೂರಿನಲ್ಲಿ ತುಳು ಬಲ್ಲ ನರ್ಸ್ ‘ಈರೆನ ಪುದರ್ ದಾದ?’ ಎಂದು ಕೇಳಿದಾಗ ಹೆಸರು ಹೇಳುತ್ತಾರೆ, ಆದರೆ ಊರು, ದಿನ ತಪ್ಪುತ್ತದೆ. ಅದು 4. ಕಾಗದದಲ್ಲಿ 3 ಹೋಗಿ 4 ಆಯಿತು, ಸುಧಾರಿಸಿದ್ದಾರೆ ಎಂದು ಓದಿಕೊಳ್ಳುತ್ತೇವೆ. ನಿಜದಲ್ಲಿ 5ರಿಂದ 4ಕ್ಕೆ ಇಳಿದಿದ್ದಾರೆ, ಕೂಡಲೇ ಮತ್ತೆ ಸ್ಕ್ಯಾನ್ ಆಗಬೇಕಿತ್ತು. ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ, ಉರ್ದು ಎಲ್ಲ ಇರುವ ಈ ನೆಲದಲ್ಲಿ ಮಾತಿನ ಅಂಕದ ಪಕ್ಕ ಯಾವ ಭಾಷೆಯಲ್ಲಿ ಕೇಳಿದ್ದು ಎಂದು ಬರೆಯದಿದ್ದರೆ ಆ ಅಂಕಕ್ಕೆ ಬೆಲೆಯಿಲ್ಲ. ಜೊತೆಗೆ ಬಂದ ಮಗನನ್ನೋ ಸೊಸೆಯನ್ನೋ ಹತ್ತಿರ ನಿಲ್ಲಿಸಿಕೊಂಡು ಅವರ ಬಾಯಿಂದಲೇ ಕೇಳಿಸುವುದು ಒಳ್ಳೆಯದು. ಕುಡಿದ ವಾಸನೆ ಬರುತ್ತಿದೆ ಎಂದು ‘ಅಮಲು’ ಎಂದು ಬಿಡುವುದೂ ಇದೇ ಬಗೆಯ ತಪ್ಪು. ಅಮಲು ಇಳಿಯುತ್ತಾ ಹೋಗಬೇಕು. ಅಂಕ ಇಳಿಯುತ್ತಿದ್ದರೆ ಅದು ಅಮಲಲ್ಲ.

ಐಸಿಯುಗೆ ಬಂದ ಮೇಲೆ ಬುರುಡೆಯೊಳಗಿನ ಒತ್ತಡವನ್ನು ನೇರವಾಗಿ ಅಳೆಯಬಹುದು. ಮಿದುಳಿನ ಒಳಗಿನ ದ್ರವದ ಕುಹರಕ್ಕೆ ತೆಳುವಾದ ಕೊಳವೆ ಇಳಿಸಿದರೆ ಒತ್ತಡ ಅಳೆಯುವುದೂ ಆಗುತ್ತದೆ, ಹೆಚ್ಚಾದ ದ್ರವವನ್ನು ಹೊರಗೆ ಬಿಡುವುದೂ ಆಗುತ್ತದೆ. ಮಿದುಳು ಬಾತು ಕುಹರ ಕಿರಿದಾಗಿದ್ದರೆ ಕೊಳವೆ ಹಾಕುವುದೇ ಕಷ್ಟ, ಆಗ ಮಿದುಳಿನ ಅಂಗಾಂಶಕ್ಕೇ ತಂತಿಯಂಥ ಪ್ರೋಬ್ ಹಾಕುತ್ತಾರೆ. ಕೊಳವೆಯಲ್ಲಿ ಸೋಂಕಿನ ಭಯ ಹೆಚ್ಚು. ಪ್ರೋಬ್‌ಗೆ ಹಣ ಹೆಚ್ಚು, ಒಮ್ಮೆ ಒಳಗೆ ಹೋದ ಮೇಲೆ ಅದರ ಅಳತೆ ಶುರುವಾಗುವ ಸೊನ್ನೆಯನ್ನು ಮತ್ತೆ ಸರಿಪಡಿಸಲಾಗುವುದಿಲ್ಲ.

ಇಲ್ಲಿ ದಾದಿಯರ ಕೆಲಸವೇ ಎಲ್ಲ. ಕೊಳವೆಯ ಸೊನ್ನೆಯ ಮಟ್ಟ ಕಿವಿ ತೂತಿನ ಮುಂದಿನ ಸಣ್ಣ ಮೃದ್ವಸ್ಥಿಯ ಎತ್ತರಕ್ಕೆ ಇರಬೇಕು. ದ್ರವ ಬೀಳುವ ಚೇಂಬರ್ ಅದಕ್ಕಿಂತ 10ರಿಂದ 15 ಸೆಂ.ಮೀ. ಮೇಲೆ, ಡಾಕ್ಟರ್ ಬರೆದಷ್ಟೇ. ಯಾರೋ ಬಂದು ಹಾಸಿಗೆಯ ಹ್ಯಾಂಡಲ್ ತಿರುಗಿಸಿ ತಲೆ ಎತ್ತಿದರು ಎನ್ನಿ, ಚೇಂಬರ್ ಕಂಬದಲ್ಲಿ ಇದ್ದಲ್ಲೇ ಇತ್ತು. ಈಗ ಅದು ತಲೆಗಿಂತ ಕೆಳಗೆ. ದ್ರವ ಭರಭರನೆ ಸುರಿದು ಕುಹರ ಕುಸಿಯುತ್ತದೆ, ಅಂಚಿನ ರಕ್ತನಾಳ ಹರಿಯಬಹುದು. ಆದ್ದರಿಂದ ಮಗ್ಗುಲು ಬದಲಿಸುವ, ಎಕ್ಸ್‌ರೇ ತೆಗೆಯುವ, ಬಟ್ಟೆ ಬದಲಿಸುವ ಪ್ರತಿ ಸಲವೂ ಮೊದಲು ಕೊಳವೆಯ ಕೀಲಿ ಮುಚ್ಚಿ, ಮಟ್ಟ ಮತ್ತೆ ಹಿಡಿದು, ಆಮೇಲೆ ತೆರೆಯಬೇಕು. ದ್ರವ ಹರಿಯುತ್ತಿರುವಾಗ ಮಾನಿಟರ್ ತೋರಿಸುವ ಅಂಕಿಯನ್ನು ನಂಬಬಾರದು. ಕೀಲಿಯನ್ನು ಅಳತೆಯ ಕಡೆಗೆ ತಿರುಗಿಸಿ, ಅಲೆ ಸ್ಥಿರವಾದ ಮೇಲೆ ಬರೆದುಕೊಳ್ಳಬೇಕು. ಅಲೆಯ ಆಕಾರವೂ ಮಾತಾಡುತ್ತದೆ. ಪ್ರತಿ ನಾಡಿಬಡಿತಕ್ಕೆ ಮೂರು ಸಣ್ಣ ಏರು, ಮೆಟ್ಟಿಲಿಳಿದಂತೆ. ಎರಡನೆಯ ಏರು ಮೊದಲನೆಯದಕ್ಕಿಂತ ಎತ್ತರವಾದರೆ, ಅಂಕಿ ಇನ್ನೂ 18 ಇದ್ದರೂ, ಬುರುಡೆಯೊಳಗೆ ಜಾಗ ಮುಗಿಯುತ್ತಾ ಬಂದಿದೆ.

ಇನ್ನೊಂದು ಮಟ್ಟದ ತಪ್ಪು ಬಹಳ ಕಡೆ ನಡೆಯುತ್ತದೆ, ಅದು ಯಾರಿಗೂ ಕಾಣುವುದಿಲ್ಲ. ಬುರುಡೆಯ ಒತ್ತಡವನ್ನು ಕಿವಿಯ ಮಟ್ಟದಲ್ಲಿ, ಬಿಪಿಯನ್ನು ಹೃದಯದ ಮಟ್ಟದಲ್ಲಿ ಅಳೆದು ಒಂದರಿಂದ ಒಂದನ್ನು ಕಳೆಯುವುದು. ತಲೆ 30 ಡಿಗ್ರಿ ಎತ್ತಿದಾಗ ಕಿವಿ ಹೃದಯಕ್ಕಿಂತ ಸುಮಾರು 20 ಸೆಂ.ಮೀ. ಮೇಲಿದ್ದರೆ, 13.6 ಸೆಂ.ಮೀ. ನೀರಿಗೆ 10 ಮಿ.ಮೀ. ಪಾದರಸದ ಲೆಕ್ಕದಲ್ಲಿ ಸುಮಾರು 15ರ ವ್ಯತ್ಯಾಸ. ಕಾಗದದಲ್ಲಿ 65, ಮಿದುಳಿನಲ್ಲಿ 50. ಒತ್ತಡ ಅಳೆಯುವ ಎರಡೂ ಟ್ರಾನ್ಸ್‌ಡ್ಯೂಸರ್‌ಗಳನ್ನು ಕಿವಿಯ ಮಟ್ಟಕ್ಕೆ ತಂದರೆ ಈ ಗೊಂದಲ ಇಲ್ಲ. ಬೇರೆ ಮಟ್ಟದಲ್ಲಿ ಇಡುವ ಪದ್ಧತಿ ಇದ್ದರೆ ಚಾರ್ಟ್‌ನಲ್ಲಿ ಹಾಗೆಂದು ಬರೆಯಲೇಬೇಕು.

ಒತ್ತಡ ತಿಳಿಯಿತು. ಹರಿವು? ಅದಕ್ಕೆ ಕಣತಲೆಯಿಂದ ನೋಡುವ ಡಾಪ್ಲರ್ ಅಲ್ಟ್ರಾಸೌಂಡ್ ಇದೆ. ದಾಟಿಹೋಗುವ ರೈಲಿನ ಸೀಟಿಯ ಸ್ವರ ಬದಲಾಗುವಂತೆ, ಹರಿಯುವ ರಕ್ತಕಣಗಳಿಗೆ ತಾಗಿ ಬರುವ ಶಬ್ದದ ಅಲೆಯೂ ಬದಲಾಗುತ್ತದೆ. ಬದಲಾದಷ್ಟರಿಂದ ವೇಗ ತಿಳಿಯುತ್ತದೆ. ತಲೆಯ ಮೂಳೆ ಶಬ್ದವನ್ನು ನುಂಗುವುದರಿಂದ ಬಹಳ ಕಾಲ ಇದು ಆಗದ ಕೆಲಸವಾಗಿತ್ತು. 2 ಮೆಗಾಹರ್ಟ್ಸ್‌ನ ತಗ್ಗಿದ ಸ್ವರ ಬಳಸಿದರೆ ಕಣತಲೆಯ ತೆಳು ಮೂಳೆಯ ಮೂಲಕ ಹೋಗುತ್ತದೆ ಎಂದು ರೂನೆ ಆಸ್ಲಿಡ್ ಮತ್ತು ಜೊತೆಗಾರರು 1982ರಲ್ಲಿ ತೋರಿಸಿದರು. ಚುಚ್ಚುವುದಿಲ್ಲ, ರೋಗಿಯನ್ನು ಅಲುಗಾಡಿಸಬೇಕಿಲ್ಲ, ದಿನಕ್ಕೆ ನಾಲ್ಕು ಸಲ ಮಾಡಬಹುದು. ಬೇರೆ ಯಂತ್ರವೇ ಬೇಕೆಂದಿಲ್ಲ. ಹೃದಯದ ಎಕೋ ಮಾಡುವ ಯಂತ್ರದ ಪ್ರೋಬ್ ಕೂಡ ಇದೇ ತಗ್ಗಿದ ಸ್ವರದ್ದು; ಸೆಟ್ಟಿಂಗ್ ಬದಲಿಸಿದರೆ ಸಾಕು. ಇದನ್ನು ನಾವು ಇಷ್ಟು ಒತ್ತಿ ಬರೆಯುವುದು ಆ ಕಾರಣಕ್ಕೆ: ಯಂತ್ರ ಎಷ್ಟೋ ಆಸ್ಪತ್ರೆಗಳಲ್ಲಿ ಇದೆ, ಕಲಿತ ಕೈ ಇಲ್ಲ.

ಕ್ರಮ ಹೀಗೆ. ರೋಗಿ ಅಂಗಾತ, ತಲೆ 30 ಡಿಗ್ರಿ ಎತ್ತರ. ಕಣ್ಣಿನ ಹೊರತುದಿ ಮತ್ತು ಕಿವಿಯ ನಡುವೆ, ಕೆನ್ನೆಮೂಳೆಯ ಕಮಾನಿನ ಸ್ವಲ್ಪ ಮೇಲೆ, ಧಾರಾಳ ಜೆಲ್ ಹಚ್ಚಿ ಪ್ರೋಬ್ ಇಡಬೇಕು. ಆಳ 50ರಿಂದ 55 ಮಿ.ಮೀ. ಪ್ರೋಬ್ ಕಡೆಗೆ ಹರಿದು ಬರುವ ಅಲೆ, ಅಂದರೆ ಗೆರೆಯ ಮೇಲ್ಭಾಗದಲ್ಲಿ ಕಾಣುವುದು, ಮಿದುಳಿನ ಮಧ್ಯದ ಧಮನಿಯದು. ಪ್ರೋಬ್ ಅನ್ನು ಕೂದಲೆಳೆಯಷ್ಟು ವಾಲಿಸುತ್ತಾ ಶಬ್ದ ಅತ್ಯಂತ ಸ್ಪಷ್ಟವಾಗುವಲ್ಲಿ ನಿಲ್ಲಿಸಬೇಕು. ಓರೆಯಾಗಿ ಹಿಡಿದರೆ ವೇಗ ನಿಜಕ್ಕಿಂತ ಕಡಿಮೆ ತೋರುತ್ತದೆ. ಮೇಲಿನ ವೇಗ (ಹೃದಯ ಬಡಿದಾಗಿನದು) ಸೆಕೆಂಡಿಗೆ 90 ಸೆಂ.ಮೀ., ಕೆಳಗಿನದು (ಎರಡು ಬಡಿತಗಳ ನಡುವಿನದು) 40 ಬಂತು ಎನ್ನಿ. ಬಿಪಿಯಂತೆಯೇ ಲೆಕ್ಕ ಹಾಕಿದರೆ ಸರಾಸರಿ 57, ಆರೋಗ್ಯವಂತರಲ್ಲಿ ಇರುವಷ್ಟೇ. ಮೇಲಿನದರಲ್ಲಿ ಕೆಳಗಿನದನ್ನು ಕಳೆದು ಸರಾಸರಿಯಿಂದ ಭಾಗಿಸಿದರೆ 0.9. ಇದಕ್ಕೆ ಪಲ್ಸಟಿಲಿಟಿ ಇಂಡೆಕ್ಸ್ ಎನ್ನುತ್ತಾರೆ, 0.6ರಿಂದ 1.1ರವರೆಗೆ ಸರಿ. ಈಗ ಇನ್ನೊಬ್ಬರಲ್ಲಿ ಮೇಲಿನದು 75, ಕೆಳಗಿನದು 12. ಸರಾಸರಿ 33, ಇಂಡೆಕ್ಸ್ 1.9. ಹೃದಯ ಬಡಿದಾಗ ಮಾತ್ರ ರಕ್ತ ನುಗ್ಗಿ, ಎರಡು ಬಡಿತಗಳ ನಡುವೆ ಹರಿವು ನಿಲ್ಲುವಷ್ಟಕ್ಕೆ ಬಂದಿದೆ. ಕೆಳಗಿನ ವೇಗ 20ಕ್ಕಿಂತ ಇಳಿದು ಇಂಡೆಕ್ಸ್ 1.4 ದಾಟಿದರೆ ಕಾಯುವ ಹಾಗಿಲ್ಲ.

ತಪ್ಪು ಓದುವುದೂ ಸುಲಭ. ವೆಂಟಿಲೇಟರ್ ವೇಗ ಹೆಚ್ಚಿಟ್ಟು ಕಾರ್ಬನ್ ಡೈಆಕ್ಸೈಡ್ ಇಳಿದಿದ್ದರೂ ಇಂಡೆಕ್ಸ್ ಏರುತ್ತದೆ, ನಾಡಿ ನಿಧಾನವಿದ್ದರೂ, ಬಿಪಿ ಬಿದ್ದಿದ್ದರೂ ಏರುತ್ತದೆ. ಹಾಗಾಗಿ ಡಾಪ್ಲರ್ ಅಂಕಿಯ ಪಕ್ಕ ಆ ಹೊತ್ತಿನ ಬಿಪಿ, ನಾಡಿ, ಕಾರ್ಬನ್ ಡೈಆಕ್ಸೈಡ್ ಬರೆಯದಿದ್ದರೆ ಅದನ್ನು ಮರುದಿನ ಹೋಲಿಸಲಾಗುವುದಿಲ್ಲ. ವೇಗ ಹೆಚ್ಚಿದ ಮಾತ್ರಕ್ಕೆ ಹರಿವು ಹೆಚ್ಚಿತು ಎಂದೂ ಅಲ್ಲ. ತೋಟಕ್ಕೆ ನೀರು ಬಿಡುವ ಪೈಪಿನ ಬಾಯಿಗೆ ಬೆರಳು ಒತ್ತಿದರೆ ನೀರು ದೂರ ಚಿಮ್ಮುತ್ತದೆ, ಬಕೆಟ್ ಬೇಗ ತುಂಬುವುದಿಲ್ಲ. ಗಾಯದ ಮೊದಲ ದಿನ ಹರಿವು ಕಡಿಮೆ, ಎರಡು-ಮೂರನೇ ದಿನಕ್ಕೆ ಕೆಲವರಲ್ಲಿ ಅತಿಯಾಗಿ ಏರುತ್ತದೆ, ನಾಲ್ಕನೇ ದಿನದಿಂದ ಎರಡು ವಾರದವರೆಗೆ ರಕ್ತನಾಳ ಸೆಡೆತುಕೊಳ್ಳುವ ಕಾಲ. ಎರಡನೆಯದರಲ್ಲೂ ಮೂರನೆಯದರಲ್ಲೂ ವೇಗ 120 ದಾಟಬಹುದು, ಚಿಕಿತ್ಸೆ ಮಾತ್ರ ಬೇರೆ ಬೇರೆ. ಬಿಡಿಸಿ ನೋಡಲು ಕತ್ತಿನಲ್ಲಿ ಅದೇ ಕಡೆಯ ಧಮನಿಯ ವೇಗವನ್ನೂ ಅಳೆಯಬೇಕು. ತಲೆಯೊಳಗಿನದು ಕತ್ತಿನದರ ಮೂರು ಪಟ್ಟಿಗಿಂತ ಹೆಚ್ಚಿದ್ದರೆ ಸೆಡೆತ, ಆರು ಪಟ್ಟು ದಾಟಿದರೆ ಕಠಿಣ ಸೆಡೆತ. ಎರಡೂ ಕಡೆ ಸಮನಾಗಿ ಏರಿದ್ದರೆ ಹರಿವೇ ಅತಿಯಾಗಿದೆ. ನೂರರಲ್ಲಿ ಹತ್ತು-ಹದಿನೈದು ಮಂದಿಗೆ ಕಣತಲೆಯ ಮೂಳೆ ದಪ್ಪವಾಗಿ ಏನೂ ಕಾಣುವುದಿಲ್ಲ, ವಯಸ್ಸಾದ ಹೆಂಗಸರಲ್ಲಿ ಹೆಚ್ಚು. ಅಲ್ಲಿ ‘ಕಾಣಲಿಲ್ಲ’ ಎಂದೇ ಬರೆಯಬೇಕು, ‘ಹರಿವಿಲ್ಲ’ ಎಂದಲ್ಲ. ಅಲೆ ಹಿಂದೆ ಮುಂದೆ ತೂಗಾಡಿದರೂ ಅದೊಂದನ್ನೇ ನೋಡಿ ಮಿದುಳು ಸತ್ತಿದೆ ಎನ್ನುವ ಹಾಗಿಲ್ಲ. ಅಂಗಾಂಗ ಕಸಿಯ 1994ರ ಕಾನೂನಿನಂತೆ ಅದಕ್ಕೆ ನಾಲ್ವರು ವೈದ್ಯರ ಮಂಡಳಿ, 6 ಗಂಟೆಯ ಅಂತರದಲ್ಲಿ ಎರಡು ಸಲ ಪರೀಕ್ಷೆ ಬೇಕು.

ಅದೇ ಅಲ್ಟ್ರಾಸೌಂಡ್ ಯಂತ್ರದ ಸಣ್ಣ ಪ್ರೋಬ್ ಅನ್ನು ಮುಚ್ಚಿದ ರೆಪ್ಪೆಯ ಮೇಲೆ ಜೆಲ್ ಹಚ್ಚಿ, ಒತ್ತದೆ ಇಟ್ಟು, ಕಣ್ಣುಗುಡ್ಡೆಯ 3 ಮಿ.ಮೀ. ಹಿಂದೆ ದೃಷ್ಟಿನರದ ಕವಚದ ಅಗಲ ನೋಡುವುದೂ ಉಂಟು. 5.5-6 ಮಿ.ಮೀ. ದಾಟಿದರೆ ಬುರುಡೆಯ ಒತ್ತಡ ಏರಿದೆ ಎಂಬ ಅನುಮಾನ ಬಲವಾಗುತ್ತದೆ. ಕಣ್ಣಿಗೇ ಪೆಟ್ಟಾಗಿ ಗುಡ್ಡೆ ಒಡೆದ ಅನುಮಾನವಿದ್ದರೆ ಮುಟ್ಟಬಾರದು. ದೊಡ್ಡ ಕೇಂದ್ರಗಳಲ್ಲಿ ಕತ್ತಿನ ಅಭಿಧಮನಿಯಲ್ಲಿ ಮೇಲ್ಮುಖವಾಗಿ ಕೊಳವೆ ಹಾಕಿ ಮಿದುಳಿನಿಂದ ವಾಪಸ್ ಬರುವ ರಕ್ತದ ಆಮ್ಲಜನಕ ನೋಡುತ್ತಾರೆ. 55ರಿಂದ 75 ಶೇಕಡ ಸರಿ, 50ಕ್ಕಿಂತ ಕೆಳಗಾದರೆ ಮಿದುಳು ಸಿಕ್ಕ ಸ್ವಲ್ಪ ರಕ್ತದಿಂದ ಹಿಂಡಿ ತೆಗೆದುಕೊಳ್ಳುತ್ತಿದೆ ಎಂದರ್ಥ. ಮಿದುಳಿನ ಅಂಗಾಂಶದ ಆಮ್ಲಜನಕವನ್ನೇ ಅಳೆಯುವ ಪ್ರೋಬ್ ಇದೆ, ಅದರಲ್ಲಿ 20 ಮಿ.ಮೀ.ಗಿಂತ ಇಳಿಯಬಾರದು. ಹಣೆಗೆ ಅಂಟಿಸುವ ಬೆಳಕಿನ ಸೆನ್ಸರ್ ತಲೆಗಾಯದಲ್ಲಿ ಅಷ್ಟು ನಂಬುವಂಥದ್ದಲ್ಲ, ಚರ್ಮದಡಿಯ ರಕ್ತವೇ ಅದನ್ನು ಹಾದಿ ತಪ್ಪಿಸುತ್ತದೆ.

ಇಷ್ಟೆಲ್ಲ ಇಲ್ಲದ ಊರಲ್ಲಿ ಏನು ಗತಿ ಎಂಬ ಪ್ರಶ್ನೆ ನ್ಯಾಯವೇ. ಬೊಲಿವಿಯ ಮತ್ತು ಎಕ್ವಡಾರ್ ದೇಶಗಳ ಐಸಿಯುಗಳಲ್ಲಿ 324 ರೋಗಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ಉತ್ತರ ಕೊಡುತ್ತದೆ. ಅರ್ಧ ಮಂದಿಗೆ ಒತ್ತಡದ ಪ್ರೋಬ್ ಹಾಕಿದರು, ಉಳಿದವರಿಗೆ ಪ್ರೋಬ್ ಇಲ್ಲದೆ ಪರೀಕ್ಷೆ ಮತ್ತು ಮರುಸ್ಕ್ಯಾನ್ ನೋಡಿ ಚಿಕಿತ್ಸೆ ಮಾಡಿದರು. ಫಲಿತಾಂಶದಲ್ಲಿ ಹೇಳುವಂಥ ವ್ಯತ್ಯಾಸ ಬರಲಿಲ್ಲ. ಇದನ್ನು ‘ಮಾನಿಟರ್ ಬೇಡ’ ಎಂದು ಓದುವವರಿದ್ದಾರೆ, ಅದು ಸರಿಯಲ್ಲ. ಪ್ರೋಬ್ ಇಲ್ಲದವರನ್ನೂ ಅಲ್ಲಿ ಗಂಟೆಗಂಟೆಗೂ ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದರು, ನಿಗದಿಯಾದ ಕ್ರಮದಲ್ಲೇ ಚಿಕಿತ್ಸೆ ಕೊಟ್ಟಿದ್ದರು. ಪ್ರೋಬ್ ಇಲ್ಲದೆಯೂ ಆಗುತ್ತದೆ; ಅಷ್ಟು ನಿಗಾ ಇಲ್ಲದೆ ಆಗುವುದಿಲ್ಲ.

ಮದ್ದಿನ ಬಗ್ಗೆ ಎರಡೇ ಮಾತು. ಮ್ಯಾನಿಟಾಲ್ ಅನ್ನು ಕಿಲೊ ತೂಕಕ್ಕೆ ಕಾಲು ಗ್ರಾಮಿನಿಂದ ಒಂದು ಗ್ರಾಂ ಕೊಡುತ್ತಾರೆ. 60 ಕಿಲೊದವರಿಗೆ ಅರ್ಧ ಗ್ರಾಮಿನಂತೆ 30 ಗ್ರಾಂ, 20 ಶೇಕಡದ ಬಾಟಲಿಯಾದರೆ 150 ಮಿ.ಲೀ. ಎಸಿ ಕೋಣೆಯಲ್ಲಿ ಬಾಟಲಿಯೊಳಗೆ ಬಿಳಿ ಹರಳು ಕಟ್ಟುತ್ತದೆ, ಬಿಸಿನೀರಲ್ಲಿಟ್ಟು ಕರಗಿಸಿ, ಮೈಬಿಸಿಗೆ ಇಳಿಸಿ, ಫಿಲ್ಟರ್ ಇರುವ ಸೆಟ್‌ನಲ್ಲೇ ಹಾಕಬೇಕು. ಅದು ಮೂತ್ರ ಹೆಚ್ಚಿಸಿ ಬಿಪಿ ಇಳಿಸುತ್ತದೆ, ಆದ್ದರಿಂದ ಬಿಪಿ ಮೊದಲೇ ಬಿದ್ದವರಿಗೆ ಕೂಡದು. ಅವರಿಗೆ 3 ಶೇಕಡ ಸಲೈನ್ ವಾಸಿ. ಸ್ಟೀರಾಯ್ಡ್ ಬೇಡವೇ ಬೇಡ. 10,000 ರೋಗಿಗಳ ಕ್ರ್ಯಾಶ್ ಅಧ್ಯಯನ 2004ರಲ್ಲೇ ತಲೆಗಾಯಕ್ಕೆ ಸ್ಟೀರಾಯ್ಡ್ ಕೊಟ್ಟವರಲ್ಲಿ ಸಾವು ಹೆಚ್ಚು ಎಂದು ತೋರಿಸಿದೆ. ಇಷ್ಟು ವರ್ಷ ಕಳೆದರೂ ‘ಬಾತದ್ದಕ್ಕೆ ಒಂದು ಇಂಜೆಕ್ಷನ್’ ಎಂಬ ರೂಢಿ ಕೆಲವೆಡೆ ಉಳಿದಿರುವುದು ನೋವಿನ ಸಂಗತಿ.

ಐಸಿಯು ಬಾಗಿಲಲ್ಲಿ ಕೂತ ಮನೆಯವರು ಕೇಳಬಹುದಾದ ಪ್ರಶ್ನೆಗಳಿವೆ, ಕೇಳುವುದು ಅವರ ಹಕ್ಕು: ನಿನ್ನೆಗಿಂತ ಇಂದು ಅಂಕ ಏರಿತೇ ಇಳಿಯಿತೇ? ಬಿಪಿ ಯಾವಾಗಲಾದರೂ 110ರ ಕೆಳಗೆ ಹೋಗಿತ್ತೇ? ಕಣ್ಣಪಾಪೆ ಎರಡೂ ಸಮ ಇವೆಯೇ? ಮುಂದಿನ ಸ್ಕ್ಯಾನ್ ಯಾವಾಗ? ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ಮೊದಲ ಮಾತಿನಲ್ಲೇ ಹೇಳಬೇಕು, ಚೀಟಿ ಸಿಗದಿದ್ದರೆ ಮಾತ್ರೆಯ ಪಟ್ಟಿಯನ್ನೇ ತರಬೇಕು.

ಎರಡೂ ರಾಜ್ಯಗಳ ಆರೋಗ್ಯ ಇಲಾಖೆಗಳಲ್ಲಿ ನಮ್ಮ ಕೋರಿಕೆ ಸಣ್ಣದು. ಕಾಸರಗೋಡು, ಕಾಞಂಗಾಡಿನ ಸರಕಾರಿ ಆಸ್ಪತ್ರೆಗಳಲ್ಲಿ ಮತ್ತು ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿನಲ್ಲಿ ಇಬ್ಬಿಬ್ಬರಿಗಾದರೂ ಡಾಪ್ಲರ್ ಕಲಿಸಿ. ಕೊಳವೆ ಹಾಕಿದ ರೋಗಿಯನ್ನು ಒಯ್ಯುವ ಪ್ರತಿ ಆಂಬುಲೆನ್ಸ್‌ಗೆ ಕ್ಯಾಪ್ನೋಗ್ರಾಫ್ ಕೊಡಿ. ಗಡಿ ದಾಟುವ ರೋಗಿಯ ಜೊತೆ ಹೋಗಲು ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲೂ ಅಚ್ಚಾದ ಒಂದೇ ಪುಟದ ಚೀಟಿ ಇರಲಿ, ಅದರಲ್ಲಿ ಹತ್ತು ನಿಮಿಷಕ್ಕೊಂದು ಸಾಲು. ತುಂಬಿದ ಸಾಲು ಹೀಗೆ ಕಾಣಬೇಕು:

ರಾತ್ರಿ 9.10, ಬಿಪಿ 118/74, ನಾಡಿ 88, ಆಕ್ಸಿಜನ್ 97, ಪಾಪೆ ಎಡ 3 ಬಲ 3, ಕಣ್ಣು 3 ಮಾತು 4 ಕೈಕಾಲು 6, ಕೇಳಿದ ಭಾಷೆ ತುಳು.

ರಾತ್ರಿ 9.20, ಬಿಪಿ 136/80, ನಾಡಿ 66, ಆಕ್ಸಿಜನ್ 96, ಪಾಪೆ ಎಡ 3 ಬಲ 5 ನಿಧಾನ, ಕಣ್ಣು 2 ಮಾತು 3 ಕೈಕಾಲು 5, ಕೇಳಿದ ಭಾಷೆ ತುಳು. ಮುಂದಿನ ಆಸ್ಪತ್ರೆಗೆ ಫೋನ್ ಮಾಡಿ ತಿಳಿಸಿದೆ.

ಇತಿ,
ಗಡಿನಾಡಿನ ಕೆಲವು ಅರಿವಳಿಕೆ ವೈದ್ಯರು ಮತ್ತು ಐಸಿಯು ದಾದಿಯರು
ಕಾಸರಗೋಡು